ಎಲೆಕ್ಟ್ರಾನ್ ಇಳಿಯುವ ಜಾಗ

ಎಸ್‌ಜಿ-1 ಎಂಬ ಬ್ಯಾಕ್ಟೀರಿಯ ಸಿಕ್ಕಿದ್ದು ಕ್ಯಾಲಿಫೋರ್ನಿಯದ ಕರಾವಳಿಯ ಕೆಸರಿನಲ್ಲಿ. ಬ್ಯಾಸಿಲಸ್ ಕುಲದ್ದು. ತಿನ್ನಲು ಏನೂ ಇಲ್ಲದಾದಾಗ ಈ ಕುಲದವು ಮಾಡುವುದನ್ನೇ ಅದೂ ಮಾಡುತ್ತದೆ: ಮೈಯೊಳಗಿನ ನೀರನ್ನು ಹೊರಹಾಕಿ, ಪದರದ ಮೇಲೆ ಪದರ ಹೊದ್ದು, ಬೀಜಕವಾಗಿ ಬಿದ್ದುಕೊಳ್ಳುತ್ತದೆ. ಆಗ ಬೆಳವಣಿಗೆಯಿಲ್ಲ, ಸಂತಾನವಿಲ್ಲ, ಉಸಿರಾಟವೂ ಇದ್ದೂ ಇಲ್ಲದಂತೆ. ಆದರೆ ಈ ಬೀಜಕಗಳನ್ನು ಮ್ಯಾಂಗನೀಸ್ ಕರಗಿಸಿದ ತಿಳಿನೀರಿಗೆ ಹಾಕಿಟ್ಟರೆ ಅವುಗಳ ಮೈಮೇಲೆ ಕಂದುಗಪ್ಪು ಪುಡಿ ಕೂರತೊಡಗುತ್ತದೆ. ನೀರಿನಲ್ಲಿ ಕಾಣದಂತೆ ಕರಗಿದ್ದ ಲೋಹ ಗಟ್ಟಿ ಖನಿಜವಾಗಿ ಕೆಳಗಿಳಿಯುತ್ತದೆ. ಸತ್ತಂತೆ ಮಲಗಿರುವ ಜೀವಿಯ ಹೊರಗವಚವೊಂದೇ ಈ ಕೆಲಸವನ್ನೆಲ್ಲ ಮಾಡುತ್ತಿರುತ್ತದೆ.

ಕೆನೆತ್ ನೀಲ್ಸನ್ ಮತ್ತು ಜೊತೆಗಾರರು 1980ರ ಸುಮಾರಿಗೆ ಇದನ್ನು ವರದಿ ಮಾಡಿದರು. ನಂತರ ಬ್ರಾಡ್ಲಿ ಟೀಬೊ ಅವರ ತಂಡ ದಶಕಗಟ್ಟಲೆ ಇದೊಂದರ ಬೆನ್ನು ಹತ್ತಿತು. ಇಂದು ಮ್ಯಾಂಗನೀಸ್ ಉತ್ಕರ್ಷಣದ ಬಗ್ಗೆ ಅಣುಗಳ ಮಟ್ಟದಲ್ಲಿ ನಮಗೆ ತಿಳಿದಿರುವುದರ ದೊಡ್ಡ ಪಾಲು ಬಂದಿರುವುದು ಈ ನಿದ್ದೆಬಡುಕ ಬೀಜಕದಿಂದಲೇ. ಇದರಲ್ಲೊಂದು ತಮಾಷೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಉತ್ಕರ್ಷಣ ಎಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದು, ಅಷ್ಟೇ. ಕಬ್ಬಿಣ ತುಕ್ಕು ಹಿಡಿಯುವಾಗ ನಡೆಯುವುದೂ ಅದೇ. ನೀರಿನಲ್ಲಿ ಕರಗಿರುವ ಮ್ಯಾಂಗನೀಸ್ ಆಗಲೇ ಎರಡು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಇದನ್ನು ಎರಡರ ಸ್ಥಿತಿ ಎನ್ನೋಣ. ಇನ್ನೊಂದು ಕಳೆದರೆ ಮೂರರ ಸ್ಥಿತಿ, ಮತ್ತೊಂದು ಕಳೆದರೆ ನಾಲ್ಕರ ಸ್ಥಿತಿ. ಎರಡರ ಸ್ಥಿತಿಯ ಲೋಹ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಬಣ್ಣವೂ ಇಲ್ಲವೆನ್ನುವಷ್ಟು ತಿಳಿ. ನಾಲ್ಕರದ್ದು ಮ್ಯಾಂಗನೀಸ್ ಡೈಆಕ್ಸೈಡ್. ಟಾರ್ಚಿನ ಹಳೆಯ ಬ್ಯಾಟರಿ ಸೆಲ್ ಒಡೆದಾಗ ಕೈಗೆ ಮೆತ್ತಿಕೊಳ್ಳುವ ಮಸಿಯಲ್ಲಿ ಇಂಗಾಲದ ಜೊತೆ ಇರುವುದು ಇದೇ. ನಡುವಿನ ಮೂರರ ಸ್ಥಿತಿ ಮಾತ್ರ ಚಂಚಲ. ಒಂಟಿಯಾಗಿ ಬಿಟ್ಟರೆ ಇಂಥ ಎರಡು ಪರಮಾಣುಗಳು ತಮ್ಮತಮ್ಮಲ್ಲೇ ಎಲೆಕ್ಟ್ರಾನ್ ವಿನಿಮಯ ಮಾಡಿಕೊಂಡು ಒಂದು ಎರಡಕ್ಕೆ ಇಳಿಯುತ್ತದೆ, ಇನ್ನೊಂದು ನಾಲ್ಕಕ್ಕೆ ಏರುತ್ತದೆ.

ಕರಾವಳಿಯಲ್ಲೋ ಮಲೆನಾಡಿನಲ್ಲೋ ಕಬ್ಬಿಣದ ನೀರಿನ ಕೊಳವೆಬಾವಿ ಇರುವವರಿಗೆ ಈ ರಸಾಯನ ಪರಿಚಿತವೇ. ನೆಲದಾಳದಲ್ಲಿ ಆಮ್ಲಜನಕ ಇಲ್ಲದ ಕಡೆ ಕಬ್ಬಿಣ, ಮ್ಯಾಂಗನೀಸ್ ಎರಡೂ ಕರಗಿಕೊಂಡೇ ಇರುತ್ತವೆ. ಪಂಪು ಹಾಕಿದಾಗ ಬರುವ ನೀರು ತಿಳಿ. ಗಾಳಿ ಸೋಕಿದ ಕೆಲವು ನಿಮಿಷಗಳಿಗೇ ಕಬ್ಬಿಣ ಕೆಂಪಾಗಿ ಬಕೆಟ್ಟಿನ ತಳಕ್ಕೆ ಕೂರತೊಡಗುತ್ತದೆ. ಮ್ಯಾಂಗನೀಸಿಗೆ ಆ ಅವಸರವಿಲ್ಲ. ಬರೀ ಗಾಳಿ ಮತ್ತು ನೀರು ಇದ್ದರೆ, ಆಮ್ಲವೂ ಕ್ಷಾರವೂ ಅಲ್ಲದ ಸಾಧಾರಣ ನೀರಿನಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕರಗಿಯೇ ಉಳಿಯಬಲ್ಲದು. ಆದರೂ ಟ್ಯಾಂಕಿನ ಗೋಡೆಗೆ, ಪೈಪಿನ ಒಳಮೈಗೆ ಕಪ್ಪು ಲೋಳೆಯಂಥ ಪದರ ಕಟ್ಟುತ್ತದಲ್ಲ, ಅದರ ಹಿಂದೆ ಹೆಚ್ಚಿನ ಸಲ ಬ್ಯಾಕ್ಟೀರಿಯಗಳಿರುತ್ತವೆ. ಸಾಧಾರಣ ನೀರಿನಲ್ಲಿ ಈ ಉತ್ಕರ್ಷಣವನ್ನು ಅವು ಸಾವಿರಪಟ್ಟು, ಕೆಲವೆಡೆ ಲಕ್ಷಪಟ್ಟಿನವರೆಗೂ ಚುರುಕುಗೊಳಿಸುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಮ್ಯಾಂಗನೀಸ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ 0.3ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಕಡಿಮೆಯಿದ್ದರೂ ವರ್ಷಗಳು ಕಳೆದಂತೆ ಪೈಪು ಕಪ್ಪಾಗುವುದನ್ನು ತಪ್ಪಿಸಲಾಗದು.

ಕಬ್ಬಿಣಕ್ಕಿರುವ ಅವಸರ ಮ್ಯಾಂಗನೀಸಿಗೆ ಏಕಿಲ್ಲ? ಎರಡರ ಸ್ಥಿತಿಯಲ್ಲಿ ಅದರ ಹೊರವಲಯದಲ್ಲಿ ಐದು ಎಲೆಕ್ಟ್ರಾನುಗಳಿರುತ್ತವೆ, ಕೂರಲು ಐದು ಕಕ್ಷಕಗಳಿವೆ. ಒಂದೊಂದರಲ್ಲಿ ಒಂದೊಂದು. ಇದು ಬಹಳ ನೆಮ್ಮದಿಯ ವ್ಯವಸ್ಥೆ, ಅದನ್ನು ಕದಲಿಸಲು ಲೋಹ ಒಪ್ಪುವುದಿಲ್ಲ. ಕಬ್ಬಿಣದ ಎರಡರ ಸ್ಥಿತಿಯಲ್ಲಿ ಆರು ಎಲೆಕ್ಟ್ರಾನುಗಳಿರುವುದರಿಂದ ಒಂದು ಹೋದರೇ ಅದಕ್ಕೆ ಆ ನೆಮ್ಮದಿ. ಅಂದರೆ ಒಂದು ಕೊಡಲು ಕಾತರಿಸುತ್ತದೆ, ಇನ್ನೊಂದು ಬಿಗಿ ಹಿಡಿಯುತ್ತದೆ. ರಸಾಯನಶಾಸ್ತ್ರಜ್ಞರ ಅಳತೆಯಲ್ಲಿ ಹೇಳುವುದಾದರೆ, ನೀರಿನಲ್ಲಿ ಒಂಟಿಯಾಗಿರುವ ಮ್ಯಾಂಗನೀಸಿನಿಂದ ಮೂರನೆಯ ಎಲೆಕ್ಟ್ರಾನ್ ಕೀಳಲು ಸುಮಾರು 1.5 ವೋಲ್ಟಿನ ಸೆಳೆತ ಬೇಕು. ಜೀವಿಗಳ ಕೈಯಲ್ಲಿರುವ ಸಾಮಾನ್ಯ ಹತಾರಗಳಿಗೆ ಇದು ನಿಲುಕದ ಎತ್ತರ.

ಆ ಕಡೆ ಆಮ್ಲಜನಕಕ್ಕೂ ಅದರದ್ದೇ ಹಟವಿದೆ. ಒಟ್ಟು ಲೆಕ್ಕದಲ್ಲಿ ಅದು ಎಲೆಕ್ಟ್ರಾನ್ ಬಾಚಿಕೊಳ್ಳುವುದರಲ್ಲಿ ಎತ್ತಿದ ಕೈ. ಆದರೆ ಒಂದೇ ಒಂದು ಎಲೆಕ್ಟ್ರಾನ್ ಕೊಡಲು ಹೋದರೆ ಮುಖ ತಿರುಗಿಸುತ್ತದೆ. ಒಂದನ್ನಷ್ಟೇ ತೆಗೆದುಕೊಂಡರೆ ಅದು ಆಗುವುದು ಸೂಪರಾಕ್ಸೈಡ್ ಎಂಬ ಅಸ್ಥಿರ ವಸ್ತು. ನಾಲ್ಕು ಒಟ್ಟಿಗೆ ಸಿಕ್ಕರೆ ಎರಡು ಅಣು ನೀರು, ತಕರಾರಿಲ್ಲ. ನಾಲ್ಕು ಜನ ಸೇರದೆ ಸ್ಟ್ಯಾಂಡ್ ಬಿಡದ ಶೇರ್ ಆಟೊ ಇದ್ದಂತೆ. ಕೊಡುವವನು ಒಂದೂ ಕೊಡಲೊಲ್ಲ, ತೆಗೆದುಕೊಳ್ಳುವವನು ನಾಲ್ಕಕ್ಕಿಂತ ಕಡಿಮೆ ಒಲ್ಲ. ಇಬ್ಬರ ನಡುವೆ ವ್ಯವಹಾರ ಕುದುರಿಸುವುದೇ ಎಸ್‌ಜಿ-1 ಬೀಜಕದ ಹೊರಪದರದಲ್ಲಿರುವ ಕಿಣ್ವದ ಕೆಲಸ.

ಆ ಕಿಣ್ವ ಯಾವುದೆಂದು ಹುಡುಕಿದ ಬಗೆ ಹಳೆಯ ಮಾದರಿಯದು, ನನಗೆ ಬಹಳ ಇಷ್ಟವಾದದ್ದು. ಬ್ಯಾಕ್ಟೀರಿಯದ ಜೀನುಗಳನ್ನು ಅಲ್ಲಲ್ಲಿ ಕೆಡಿಸಿ, ಮ್ಯಾಂಗನೀಸ್ ಬೆರೆಸಿದ ತಟ್ಟೆಯಲ್ಲಿ ಬೆಳೆಸಿ, ಕಂದು ಬಣ್ಣಕ್ಕೆ ತಿರುಗದೆ ಬೆಳ್ಳಗೇ ಉಳಿದ ಚುಕ್ಕಿಗಳನ್ನು ಹೆಕ್ಕಿದರು. ಅವುಗಳಲ್ಲಿ ಕೆಟ್ಟಿದ್ದು ಏನೆಂದು ನೋಡಿದರೆ ಒಂದೇ ಕಡೆ ಸಾಲಾಗಿ ನಿಂತ ಏಳು ಜೀನುಗಳ ಗುಂಪು ಕಂಡಿತು. ಲಿಂಡಾ ವ್ಯಾನ್ ವಾಸ್‌ಬರ್ಗನ್, ಟೀಬೊ ಮುಂತಾದವರು 1996ರಲ್ಲಿ ಅದನ್ನು ಪ್ರಕಟಿಸಿದರು. ಗುಂಪಿನ ಕೊನೆಯ ಜೀನು ಎಂಎನ್‌ಎಕ್ಸ್-ಜಿ. ಅದು ತಯಾರಿಸುವ ಪ್ರೋಟೀನು ಬಹುತಾಮ್ರ ಉತ್ಕರ್ಷಕಗಳೆಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು.

ಈ ಕುಟುಂಬದ ನೆಂಟರು ನಮಗೆ ದೂರದವರಲ್ಲ. ಹಿಕೊರೊಕುರೊ ಯೊಶಿದಾ 1883ರಲ್ಲಿ ಅರಗಿನ ಮರದ ಹಾಲಿನಲ್ಲಿ ಒಂದು ವಸ್ತುವನ್ನು ಗುರುತಿಸಿದ. ಜಪಾನಿನ ಮೆರುಗೆಣ್ಣೆಯ ಪಾತ್ರೆಗಳು ಗಟ್ಟಿಯಾಗಿ ಹೊಳೆಯುವುದು ಅದರಿಂದ. ಅದೇ ಲ್ಯಾಕೇಸ್, ಈ ಕುಟುಂಬದ ಹಿರಿಯ. ನಮ್ಮ ರಕ್ತದಲ್ಲಿ ಓಡಾಡುವ ಸೆರುಲೊಪ್ಲಾಸ್ಮಿನ್ ಇನ್ನೊಂದು. ಅದು ಕಬ್ಬಿಣವನ್ನು ಎರಡರಿಂದ ಮೂರರ ಸ್ಥಿತಿಗೆ ತಂದು ಸಾಗಣೆಗೆ ಸಿದ್ಧಪಡಿಸುತ್ತದೆ. ಎಲ್ಲದರ ಹೊಟ್ಟೆಯಲ್ಲೂ ತಾಮ್ರವಿದೆ, ಶುದ್ಧಮಾಡಿ ಹಿಡಿದರೆ ನೀಲಿಯಾಗಿ ಕಾಣುತ್ತವೆ. ಎಂಎನ್‌ಎಕ್ಸ್-ಜಿಯ ಮಡಿಕೆಗಳು ಲ್ಯಾಕೇಸಿಗಿಂತ ಸೆರುಲೊಪ್ಲಾಸ್ಮಿನ್ನಿಗೇ ಹೆಚ್ಚು ಹತ್ತಿರ. ಕಡಲ ಕೆಸರಿನ ಬೀಜಕದ ಹೊದಿಕೆಗೂ ನಮ್ಮ ನೆತ್ತರಿಗೂ ಇಂಥದೊಂದು ಸಂಬಂಧ ಇದ್ದೀತೆಂದು ಯಾರು ಊಹಿಸಿದ್ದರು!

ಈ ಕಿಣ್ವಗಳ ಒಳಗಿನ ಏರ್ಪಾಡು ಹೀಗಿದೆ. ಹೊರಮೈಗೆ ಹತ್ತಿರದಲ್ಲಿ ಒಂದು ತಾಮ್ರ. ನೀಲಿ ಬಣ್ಣ ಅದರದೇ. ಅದು ಎದುರಿಗೆ ಬಂದ ವಸ್ತುವಿನಿಂದ ಒಂದು ಎಲೆಕ್ಟ್ರಾನ್ ಕಸಿದು, ಸುಮಾರು 1.3 ನ್ಯಾನೊಮೀಟರ್ ಒಳಗಿರುವ ಮೂರು ತಾಮ್ರಗಳ ಗುಂಪಿಗೆ ದಾಟಿಸುತ್ತದೆ. ಆ ದಾರಿಯೂ ಗೊತ್ತು: ಸಿಸ್ಟೀನ್ ಎಂಬ ಅಮೈನೊ ಆಮ್ಲ, ಅದರ ಎರಡೂ ಮಗ್ಗುಲಲ್ಲಿ ಹಿಸ್ಟಿಡಿನ್. ಮೂವರ ಗುಂಪಿನಲ್ಲಿ ಆಮ್ಲಜನಕದ ಅಣು ಬಂದು ಸಿಕ್ಕಿಕೊಳ್ಳುತ್ತದೆ. ಹೀಗೆ ನಾಲ್ಕು ತಾಮ್ರಗಳು ಸೇರಿ ನಾಲ್ಕು ಎಲೆಕ್ಟ್ರಾನ್ ಕೂಡಿಡಬಲ್ಲವು; ಆಮ್ಲಜನಕ ಕೇಳುವುದೂ ಅಷ್ಟನ್ನೇ. ಅರೆಬರೆ ಸೂಪರಾಕ್ಸೈಡ್ ಹೊರಗೆ ಸೋರದಂತೆ ನೇರವಾಗಿ ನೀರಾಗುತ್ತದೆ. ಒಂದೊಂದೇ ಎಲೆಕ್ಟ್ರಾನ್ ಕೊಡುವವರಿಗೂ ನಾಲ್ಕನ್ನು ಒಟ್ಟಿಗೆ ಕೇಳುವವನಿಗೂ ನಡುವೆ ತಾಮ್ರದ ಈ ನಾಲ್ವರು ನಿಂತಿದ್ದಾರೆ.

ಆಮ್ಲಜನಕದ ಕಡೆಯ ತೊಡಕು ಹೀಗೆ ತೀರಿತು. ಮ್ಯಾಂಗನೀಸಿನ ಕಡೆಯದು ಉಳಿದೇ ಇದೆ. ನೀಲಿ ತಾಮ್ರದ ಸೆಳೆತ ಈ ಕುಟುಂಬದಲ್ಲಿ ಹೆಚ್ಚೆಂದರೆ 0.8 ವೋಲ್ಟಿನ ಆಸುಪಾಸು. ಬೇಕಾಗಿರುವುದು 1.5. ಮೇಲಾಗಿ ಬಹುತಾಮ್ರ ಉತ್ಕರ್ಷಕಗಳು ಒಂದು ವಸ್ತುವಿನಿಂದ ಒಂದು ಎಲೆಕ್ಟ್ರಾನ್ ತೆಗೆಯುವುದು ರೂಢಿ. ಇಲ್ಲಿ ಒಂದೇ ಲೋಹದಿಂದ ಎರಡು ತೆಗೆಯಬೇಕು. ಒಂದೇ ಕಿಣ್ವ ಎರಡೂ ಹೆಜ್ಜೆ ಹಾಕುತ್ತದೆಯೋ, ಮೊದಲನೆಯದನ್ನು ಮಾಡಿ ಎರಡನೆಯದನ್ನು ರಸಾಯನದ ಪಾಡಿಗೆ ಬಿಡುತ್ತದೆಯೋ ಎಂಬುದು ಬಹಳ ಕಾಲ ಜಗಳದ ವಿಷಯವಾಗಿತ್ತು.

ಜಗಳ ಬಿಡಿಸಲು ಹೂಡಿದ ಉಪಾಯ ಸರಳ. ಪೈರೊಫಾಸ್ಫೇಟ್ ಎಂಬ ಲವಣಕ್ಕೆ ಮೂರರ ಸ್ಥಿತಿಯ ಮ್ಯಾಂಗನೀಸನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಗುಣವಿದೆ. ಬೀಜಕಗಳ ದ್ರಾವಣಕ್ಕೆ ಅದನ್ನು ಬೆರೆಸಿದರೆ ದಾರಿಮಧ್ಯದಲ್ಲಿ ಮೂರರ ಸ್ಥಿತಿ ಹುಟ್ಟಿದ ಕ್ಷಣಕ್ಕೇ ಸಿಕ್ಕಿಬೀಳುತ್ತದೆ, ಮತ್ತು ಅದು ನೇರಳಾತೀತ ಬೆಳಕನ್ನು ಹೀರುವ ಪರಿಯಿಂದ ಎಷ್ಟಿದೆಯೆಂದು ಅಳೆಯಬಹುದು. ಸ್ಯಾಮ್ ವೆಬ್, ಟೀಬೊ ಮತ್ತಿತರರು 2005ರಲ್ಲಿ ಹೀಗೆ ಹಿಡಿದು ತೋರಿಸಿದರು: ಮ್ಯಾಂಗನೀಸ್ ಎರಡರಿಂದ ನಾಲ್ಕಕ್ಕೆ ಒಮ್ಮೆಲೇ ನೆಗೆಯುವುದಿಲ್ಲ, ಮೂರರಲ್ಲಿ ಕಾಲೂರುತ್ತದೆ, ಎರಡೂ ಹೆಜ್ಜೆಗಳಲ್ಲಿ ಕಿಣ್ವದ ಕೈಯಿದೆ.

ಆದರೆ ಬೀಜಕದ ಹೊದಿಕೆಯಿಂದ ಕಿಣ್ವವನ್ನು ಸುಲಿದು ತೆಗೆಯುವುದು ಸುಲಭವಾಗಿರಲಿಲ್ಲ. ಎಂಎನ್‌ಎಕ್ಸ್-ಜಿ ಜೀನನ್ನೊಂದೇ ಪ್ರಯೋಗಾಲಯದ ಇ. ಕೋಲಿಗೆ ಹಾಕಿ ಪ್ರೋಟೀನು ಮಾಡಿಸಲು ಹೋದರೆ ಬಂದದ್ದು ನಿರುಪಯೋಗಿ. ಕೊನೆಗೆ ದಾರಿ ತೋರಿದ್ದು ಸಾಲಿನಲ್ಲಿ ಪಕ್ಕದಲ್ಲಿದ್ದ ಎರಡು ಪುಟ್ಟ ಜೀನುಗಳು. ಅವುಗಳ ಪ್ರೋಟೀನುಗಳನ್ನು ಇ ಮತ್ತು ಎಫ್ ಎನ್ನುತ್ತಾರೆ. ಮೂರೂ ಒಟ್ಟಿಗೆ ತಯಾರಾದರೆ ಮಾತ್ರ ಯಂತ್ರ ಓಡುತ್ತದೆ. ಕ್ರಿಸ್ಟೀನ್ ಬಟರ್‌ಫೀಲ್ಡ್ ಮತ್ತು ಸಂಗಡಿಗರು 2013ರಲ್ಲಿ ಈ ಕೂಟವನ್ನು ಶುದ್ಧರೂಪದಲ್ಲಿ ಪಡೆದರು: ದೊಡ್ಡದಾದ ಜಿ ಒಂದು, ಪುಟ್ಟ ಇ ಮತ್ತು ಎಫ್ ಮೂರುಮೂರು, ಒಟ್ಟು ತೂಕ ಸುಮಾರು 211 ಕಿಲೊಡಾಲ್ಟನ್. ಪರೀಕ್ಷಾನಳಿಕೆಯಲ್ಲಿ ಬ್ಯಾಕ್ಟೀರಿಯವೂ ಇಲ್ಲ, ಬೀಜಕವೂ ಇಲ್ಲ. ಬರೀ ಪ್ರೋಟೀನು, ಕರಗಿದ ಮ್ಯಾಂಗನೀಸ್, ಗಾಳಿ. ಅಷ್ಟರಿಂದಲೇ ಮ್ಯಾಂಗನೀಸ್ ಡೈಆಕ್ಸೈಡಿನ ಕಣಗಳು ಹುಟ್ಟಿದವು.

ಶುದ್ಧ ಕಿಣ್ವ ಕೈಗೆ ಬಂದಮೇಲೆ 1.5 ವೋಲ್ಟಿನ ಒಗಟೂ ಬಿಚ್ಚಿಕೊಳ್ಳತೊಡಗಿತು. ಅಲೆಕ್ಸಾಂಡ್ರಾ ಸೊಲ್ದಾತೊವಾ, ಥಾಮಸ್ ಸ್ಪೈರೊ ಮುಂತಾದವರು 2017ರಲ್ಲಿ ಕಿಣ್ವದ ವೇಗವನ್ನು ಮ್ಯಾಂಗನೀಸಿನ ಪ್ರಮಾಣ ಬದಲಿಸುತ್ತ ಅಳೆದರು. ಕಡಿಮೆ ಮ್ಯಾಂಗನೀಸ್ ಇದ್ದಾಗ ಕಿಣ್ವ ನಿರೀಕ್ಷೆಗಿಂತ ಮಂದ. ಒಂದು ಹಂತ ದಾಟಿದರೆ ಥಟ್ಟನೆ ಚುರುಕು. ಒಂದೊಂದೇ ಅಯಾನು ಬಂದು ಎಲೆಕ್ಟ್ರಾನ್ ಕೊಟ್ಟು ಹೋಗುವುದಾದರೆ ಹೀಗಾಗುವುದಿಲ್ಲ. ಎರಡು ಅಯಾನುಗಳು ಅಕ್ಕಪಕ್ಕ ಕೂತರೆ ಮಾತ್ರ ಕೆಲಸ ಶುರುವಾಗುತ್ತದೆ ಎಂದರೆ ಲೆಕ್ಕ ಸರಿಹೋಗುತ್ತದೆ. ಅವರು ಕೊಟ್ಟ ವಿವರಣೆ ಇದು: ಕಿಣ್ವದ ಮಡಿಲಲ್ಲಿ ಎರಡು ಮ್ಯಾಂಗನೀಸ್ ಜೋಡಿಯಾಗಿ ಕೂರುತ್ತವೆ, ಅವೆರಡರ ನಡುವೆ ನೀರಿನಿಂದ ಬಂದ ಹೈಡ್ರಾಕ್ಸೈಡ್ ಸೇತುವೆಯಾಗುತ್ತದೆ.

ಈ ಸೇತುವೆಯಲ್ಲೇ ಇರುವುದು ಗುಟ್ಟು. ಹೈಡ್ರಾಕ್ಸೈಡಿಗೆ ಋಣ ವಿದ್ಯುದಂಶ. ಅದು ಒತ್ತಿಕೊಂಡಿರುವಾಗ ಲೋಹಕ್ಕೆ ಮೂರರ ಸ್ಥಿತಿಯ ಹೆಚ್ಚಿನ ಧನ ವಿದ್ಯುದಂಶವನ್ನು ತಾಳಿಕೊಳ್ಳುವುದು ಹಗುರವಾಗುತ್ತದೆ. ಎಲೆಕ್ಟ್ರಾನ್ ಹೋದಂತೆ ಸೇತುವೆಯಿಂದ ಪ್ರೋಟಾನೂ ಕಳಚಿಹೋಗಬಹುದು, ಹಾಗಾಗಿ ವಿದ್ಯುದಂಶ ಒಂದೇ ಕಡೆ ಗುಡ್ಡೆಬೀಳುವುದಿಲ್ಲ. ಒಂಟಿ ಅಯಾನಿಗೆ ಬೇಕಿದ್ದ 1.5 ವೋಲ್ಟು ಜೋಡಿಗೆ ಬೇಕಿಲ್ಲ. ತಾಮ್ರದ ನಿಲುಕಿಗೆ ಸಿಗುವಷ್ಟಕ್ಕೆ ಅದು ಇಳಿಯುತ್ತದೆ. ಮೂರಕ್ಕೆ ಏರಿದ ಜೋಡಿ ಮುಂದಿನ ತಾಣಕ್ಕೆ ಸರಿದು ಇನ್ನಷ್ಟು ಮ್ಯಾಂಗನೀಸುಗಳ ಜೊತೆ ಹೆಣೆದುಕೊಳ್ಳುತ್ತದೆ, ನಾಲ್ಕಕ್ಕೆ ಏರುತ್ತದೆ, ಕ್ರಮೇಣ ಖನಿಜದ ಮೊಳಕೆಯಾಗುತ್ತದೆ. ಅಂದರೆ ಕಿಣ್ವ ತನ್ನ ತಾಮ್ರದ ಸೆಳೆತವನ್ನು ಹೆಚ್ಚಿಸಿಕೊಂಡಿಲ್ಲ. ಮ್ಯಾಂಗನೀಸನ್ನೇ ಖನಿಜವಾಗುವ ಮೊದಲೇ ಖನಿಜದ ಭಂಗಿಯಲ್ಲಿ ಕೂರಿಸಿದೆ. ಈ ಇಡೀ ವಿಷಯದಲ್ಲಿ ನನ್ನನ್ನು ಬೆರಗಾಗಿಸುವುದು ಇದೊಂದೇ ಜಾಣತನ.

ಈಗ ಎಲೆಕ್ಟ್ರಾನುಗಳ ಹಾದಿಯನ್ನು ಇನ್ನೊಮ್ಮೆ ನೋಡಿ. ಮ್ಯಾಂಗನೀಸಿನಿಂದ ನೀಲಿ ತಾಮ್ರಕ್ಕೆ, ಅಲ್ಲಿಂದ ಮೂವರ ಗುಂಪಿಗೆ, ಅಲ್ಲಿಂದ ಆಮ್ಲಜನಕಕ್ಕೆ. ಆರಂಭದಿಂದ ಕೊನೆಯವರೆಗೆ ಎಲ್ಲವೂ ಒಂದೇ ಪ್ರೋಟೀನಿನೊಳಗೆ, ಜೀವಕೋಶದ ಹೊರಗೆ. ಜೀವಿಗಳು ಶಕ್ತಿ ದುಡಿಯುವ ರೀತಿಯೇ ಬೇರೆ. ಅಲ್ಲಿ ಎಲೆಕ್ಟ್ರಾನು ಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳ ಮೂಲಕ ಮೆಟ್ಟಿಲಿಳಿಯುತ್ತದೆ, ಪ್ರತಿ ಮೆಟ್ಟಿಲಲ್ಲೂ ಪ್ರೋಟಾನುಗಳನ್ನು ಪೊರೆಯಾಚೆ ತಳ್ಳಿಸುತ್ತದೆ, ಅವು ವಾಪಸು ನುಗ್ಗುವ ರಭಸದಲ್ಲಿ ಎಟಿಪಿ ಎಂಬ ಶಕ್ತಿಯ ನಾಣ್ಯ ತಯಾರಾಗುತ್ತದೆ. ಎಂಎನ್‌ಎಕ್ಸ್-ಜಿಯಲ್ಲಿ ಪೊರೆಯೂ ಇಲ್ಲ, ಮೆಟ್ಟಿಲೂ ಇಲ್ಲ. ಎಲೆಕ್ಟ್ರಾನ್ ಹೊರಗಡೆಯೇ ಆಮ್ಲಜನಕದ ಮೇಲೆ ಇಳಿದುಬಿಡುತ್ತದೆ. ಶಕ್ತಿಯೇನಿದ್ದರೂ ಸುತ್ತಲಿನ ನೀರಿಗೆ ಶಾಖವಾಗಿ ಹೋಯಿತು. ಮಲಗಿದ ಬೀಜಕಕ್ಕೆ ಅದರಿಂದ ಒಂದು ತುತ್ತೂ ಇಲ್ಲ. ಮೊದಲಿಗೆ ಹೇಳಿದ ತಮಾಷೆ ಇದು: ನಾವು ಅತ್ಯಂತ ಚೆನ್ನಾಗಿ ಬಲ್ಲ ಮ್ಯಾಂಗನೀಸ್ ಕಿಣ್ವ ಅದರ ಒಡೆಯನ ಹೊಟ್ಟೆ ತುಂಬಿಸುವುದಿಲ್ಲ.

ಹಾಗಾದರೆ ಈ ಖಟಾಟೋಪ ಏಕೆ? ಉತ್ತರಗಳು ಬಹಳ ಇವೆ, ಯಾವುದೂ ಪೂರ್ತಿ ಒಪ್ಪಿಸುವುದಿಲ್ಲ. ಖನಿಜದ ಕವಚ ನೇರಳಾತೀತ ಕಿರಣದಿಂದ ಕಾಯಬಹುದು. ವಿಷಲೋಹಗಳನ್ನು ಹೊರಗೇ ತಡೆಯಬಹುದು. ಮಣ್ಣಿನಲ್ಲಿ, ಕೆಸರಿನಲ್ಲಿ ಇರುವ ಹ್ಯೂಮಸ್‌ನಂಥ ಅರಗದ ದೊಡ್ಡ ಅಣುಗಳನ್ನು ಮ್ಯಾಂಗನೀಸ್ ಡೈಆಕ್ಸೈಡ್ ಕತ್ತರಿಸಿ ಸಣ್ಣ ಸಾವಯವ ಆಮ್ಲಗಳಾಗಿಸುತ್ತದೆಂದು ವಿಲಿಯಂ ಸುಂಡಾ ಮತ್ತು ಡೇವಿಡ್ ಕೀಬರ್ 1994ರಲ್ಲಿ ತೋರಿಸಿದರು. ಅದು ಬ್ಯಾಕ್ಟೀರಿಯಕ್ಕೆ ಊಟ. ನನಗೆ ಈ ಕೊನೆಯದರ ಮೇಲೆ ಒಲವು. ಆದರೂ ಒಂದು ಮಾತು ಗಮನಿಸಬೇಕು: ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಗಳು ಸಂಬಂಧವೇ ಇಲ್ಲದ ಸಾಧನಗಳಿಂದ ಇದೇ ಕೆಲಸ ಮಾಡುತ್ತವೆ. ಲಾಭ ಒಂದೇ ಇರಬೇಕೆಂದೇನೂ ಇಲ್ಲ.

ಸ್ಯೂಡೊಮೊನಾಸ್ ಪುಟಿಡಾದ ಜಿಬಿ-1 ತಳಿಯನ್ನು ತೆಗೆದುಕೊಳ್ಳಿ. ಮೊದಲು ಒಂದು ಜೀನನ್ನು ಇದೇ ಕಾರಣವೆಂದು ಗುರುತಿಸಿದ್ದರು, ಆಮೇಲೆ ನೋಡಿದರೆ ಅದಿಲ್ಲದೆಯೂ ನಡೆಯುತ್ತಿತ್ತು. 2013ರಲ್ಲಿ ಕೇಟಿ ಗೆಸ್‌ವೈನ್ ಮತ್ತಿತರರು ಎರಡು ಬಹುತಾಮ್ರ ಕಿಣ್ವಗಳನ್ನು ಕಂಡುಹಿಡಿದರು. ಒಂದನ್ನು ತೆಗೆದರೆ ಇನ್ನೊಂದು ಸಂಭಾಳಿಸುತ್ತದೆ, ಎರಡನ್ನೂ ತೆಗೆದರೆ ಮಾತ್ರ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತೆಂದುಕೊಂಡರೆ 2016ರಲ್ಲಿ ಮೂರನೆಯದು ಹೊರಬಿತ್ತು. ಅದರಲ್ಲಿ ತಾಮ್ರವೇ ಇಲ್ಲ. ಕಬ್ಬಿಣ ಹಿಡಿದ ಹೀಮ್ ಎಂಬ ತುಣುಕು ಇರುವ ಪೆರಾಕ್ಸಿಡೇಸ್ ಎಂಬ ಬಗೆಯ ಕಿಣ್ವ ಅದು. ಒಂದೇ ಬ್ಯಾಕ್ಟೀರಿಯಕ್ಕೆ ಮೂರು ಕಿಣ್ವ. ಬೇಡದ ಕೆಲಸಕ್ಕೆ ಯಾವ ಜೀವಿಯೂ ಇಷ್ಟು ಬಂಡವಾಳ ಹೂಡುವುದಿಲ್ಲ.

ಕ್ಯಾಲಿಫೋರ್ನಿಯದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಸಿಕ್ಕ ರೋಸಿಯೊಬ್ಯಾಕ್ಟರ್ ಗುಂಪಿನ ಇನ್ನೊಂದು ಬ್ಯಾಕ್ಟೀರಿಯಕ್ಕೆ ಮ್ಯಾಂಗನೀಸನ್ನು ಮುಟ್ಟುವ ಗೊಡವೆಯೇ ಬೇಕಿಲ್ಲ. ಅದು ಹೊರಗೆ ಸೂಪರಾಕ್ಸೈಡ್ ಉಗುಳುತ್ತದೆ, ಸೂಪರಾಕ್ಸೈಡ್ ಹೋಗಿ ಮ್ಯಾಂಗನೀಸನ್ನು ಮೂರಕ್ಕೆ ಏರಿಸುತ್ತದೆ. ಕಾಲೀನ್ ಹ್ಯಾನ್ಸೆಲ್ ಅವರ ತಂಡ 2011ರಲ್ಲಿ ಇದನ್ನು ತೋರಿಸಿತು. ಇಲ್ಲಿ ಯಾರು ಯಾರನ್ನು ಬಳಸಿಕೊಂಡರು ಎಂಬುದೇ ಪ್ರಶ್ನೆ. ಸೂಪರಾಕ್ಸೈಡ್ ಜೀವಕೋಶಕ್ಕೆ ಕೆಡುಕು, ಮ್ಯಾಂಗನೀಸ್ ಅದನ್ನು ನುಂಗಿಹಾಕುತ್ತದೆ. ಹುದುಗು ಹಿಡಿದ ತರಕಾರಿಗಳಲ್ಲಿ ಬೆಳೆಯುವ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಇದೇ ಉದ್ದೇಶಕ್ಕೆ ಮ್ಯಾಂಗನೀಸನ್ನು ಮೈತುಂಬ ಪೇರಿಸಿಟ್ಟುಕೊಳ್ಳುವುದು 1981ರಿಂದಲೇ ಗೊತ್ತು.

ಸುಮಾರು ನೂರು ವರ್ಷ ಜನ ಒಂದು ಸುಲಭದ ಉತ್ತರವನ್ನು ನೆಚ್ಚಿದ್ದರು: ಬ್ಯಾಕ್ಟೀರಿಯ ಮ್ಯಾಂಗನೀಸನ್ನು ಉತ್ಕರ್ಷಿಸುವುದು ಹೊಟ್ಟೆಪಾಡಿಗೆ. ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ 1913ರಲ್ಲೇ ಈ ಊಹೆ ಮುಂದಿಟ್ಟಿದ್ದ. ಕಬ್ಬಿಣ, ಗಂಧಕ, ಅಮೋನಿಯ ತಿಂದು ಬದುಕುವ ಬ್ಯಾಕ್ಟೀರಿಯಗಳು ಗೊತ್ತಿದ್ದವು, ಮ್ಯಾಂಗನೀಸ್ ಏಕಿರಬಾರದು? ಶಕ್ತಿಯ ಲೆಕ್ಕವೂ ಅಡ್ಡಿಯಾಗಿರಲಿಲ್ಲ. ಹುಡುಕಿದವರಿಗೆ ಸಿಕ್ಕವೆಲ್ಲ ಮಾತ್ರ ಎಸ್‌ಜಿ-1ರಂಥವೇ, ಮ್ಯಾಂಗನೀಸಿನಲ್ಲಿ ಕೈಯಾಡಿಸಿ ಊಟ ಬೇರೆಡೆ ಮಾಡುವವು.

ಮ್ಯಾಂಗನೀಸನ್ನೇ ತಿನ್ನುವುದು ಕೊನೆಗೂ ಸಿಕ್ಕಿದ್ದು ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಸಿಂಕಿನಲ್ಲಿ. ಜ್ಯಾರೆಡ್ ಲೆಡ್‌ಬೆಟರ್ ಬೇರೇನೋ ಪ್ರಯೋಗಕ್ಕೆ ಗಾಜಿನ ಜಾಡಿಯೊಂದಕ್ಕೆ ಮ್ಯಾಂಗನೀಸ್ ಕಾರ್ಬೊನೇಟ್ ಬಳಿದಿದ್ದರು. ಸೀಮೆಸುಣ್ಣದಂಥ ತಿಳಿಬಣ್ಣದ ಪುಡಿ ಅದು. ತೊಳೆಯಲೆಂದು ನಲ್ಲಿ ನೀರು ತುಂಬಿಸಿಟ್ಟು ಕೆಲಸದ ಮೇಲೆ ಹೊರಗೆ ಹೋದವರು ಕೆಲವು ತಿಂಗಳ ನಂತರ ಬಂದು ನೋಡಿದರೆ ಜಾಡಿ ಕಪ್ಪಾಗಿತ್ತು. ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿ ಕೊಂದ ಜಾಡಿಗಳು ಕಪ್ಪಾಗಲಿಲ್ಲ. ಹ್ಯಾಂಗ್ ಯು ಜೊತೆ ಸೇರಿ ಆ ಕಪ್ಪನ್ನು ಹೊಸ ಕಾರ್ಬೊನೇಟಿಗೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಸುತ್ತ ಬೆಳೆಸಿದರು. ಸಾವಯವ ಆಹಾರದ ಚೂರೂ ಇಲ್ಲದೆ, ಮ್ಯಾಂಗನೀಸಿನ ಶಕ್ತಿಯಿಂದ, ಇಂಗಾಲದ ಡೈಆಕ್ಸೈಡಿನಿಂದ ಮೈ ಕಟ್ಟಿಕೊಳ್ಳುವ ಬ್ಯಾಕ್ಟೀರಿಯ ಇದೆಯೆಂದು 2020ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೈಯರಿಂಕ್ ಊಹಿಸಿ 107 ವರ್ಷ ಕಳೆದಿತ್ತು. ಅದೃಷ್ಟ ಎನ್ನುವವರು ಎನ್ನಲಿ. ಕೊಳೆಯಾದ ಜಾಡಿಯನ್ನು ಉಜ್ಜಿ ಒರೆಸಿಡದೆ ಕೂತು ನೋಡಿದ್ದು ಅದೃಷ್ಟವಲ್ಲ.

ಆ ಜಾಡಿಯಲ್ಲಿದ್ದದ್ದು ಒಂದಲ್ಲ, ಎರಡು. ಒಂದಕ್ಕೆ ಮ್ಯಾಂಗನಿಟ್ರೋಫಸ್ ನಾಡ್ಯುಲಿಫಾರ್ಮನ್ಸ್ ಎಂದೂ ಇನ್ನೊಂದಕ್ಕೆ ರಾಮ್ಲಿಬ್ಯಾಕ್ಟರ್ ಲಿಥೊಟ್ರೋಫಿಕಸ್ ಎಂದೂ ಹೆಸರಿಟ್ಟರು. ಎರಡನೆಯದನ್ನು ಬೇರ್ಪಡಿಸಿ ಒಂಟಿಯಾಗಿ ಬೆಳೆಸಲಾಯಿತು, ಆದರೆ ಒಂಟಿಯಾಗಿ ಅದು ಮ್ಯಾಂಗನೀಸನ್ನು ಉತ್ಕರ್ಷಿಸಲಿಲ್ಲ. ಆದ್ದರಿಂದ ಅನುಮಾನ ಮೊದಲನೆಯದರ ಮೇಲೆ. ಅವು ಕಟ್ಟುವ ಖನಿಜ ಪುಟ್ಟಪುಟ್ಟ ಗಂಟುಗಳ ರೂಪದಲ್ಲಿರುತ್ತದೆ. ಆಳ ಸಮುದ್ರದ ತಳದಲ್ಲಿ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನಂತೆ ಬೆಳೆಯುವ ಮ್ಯಾಂಗನೀಸ್ ಗಂಟುಗಳು ಯಾರಿಗಾದರೂ ನೆನಪಾಗದಿರವು. ಚಾಲೆಂಜರ್ ನೌಕೆ 1870ರ ದಶಕದಲ್ಲಿ ಅವನ್ನು ಮೇಲೆತ್ತಿತ್ತು. 1981ರ ಜನವರಿ 26ರಂದು ಭಾರತದ ಗವೇಷಣಿ ನೌಕೆಯೂ ಅರಬ್ಬೀ ಸಮುದ್ರದಿಂದ ಎತ್ತಿ ತಂದಿತ್ತು. ಆ ಗಂಟುಗಳಲ್ಲಿ ಬ್ಯಾಕ್ಟೀರಿಯದ ಪಾಲೆಷ್ಟು, ಬರೀ ರಸಾಯನದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಜಾಡಿಯ ಗಂಟನ್ನು ನೋಡಿ ಕಡಲಿನದ್ದಕ್ಕೆ ತೀರ್ಪು ಕೊಡುವುದು ಆತುರವಾದೀತು.

ಮ್ಯಾಂಗನೀಸ್ ತಿಂದು ಬದುಕಬೇಕಾದರೆ ಎಲೆಕ್ಟ್ರಾನ್ ಹೊರಗೇ ಆಮ್ಲಜನಕದ ಮೇಲೆ ಇಳಿಯುವಂತಿಲ್ಲ. ಅದನ್ನು ಒಳಕ್ಕೆ ಕರೆತರಬೇಕು. ಲೋಹವನ್ನೇ ಒಳಗೆ ಬಿಟ್ಟುಕೊಂಡರೆ ಅದು ಒಳಗೇ ಕಲ್ಲಾಗಿ ಕೋಶ ಹೂತುಹೋಗುತ್ತದೆ. ಲೋಹ ಹೊರಗಿರಬೇಕು, ಎಲೆಕ್ಟ್ರಾನ್ ಒಳಗೆ ಬರಬೇಕು. ಈ ಬ್ಯಾಕ್ಟೀರಿಯದ ಜೀನುಗಳಲ್ಲಿ ಅದಕ್ಕೆ ತಕ್ಕ ಸಾಮಗ್ರಿ ಕಂಡಿದೆ: ಹೊರಪೊರೆಯನ್ನು ತೂರಿ ನಿಂತು ಹೀಮ್‌ಗಳ ಸರಪಳಿಯ ಮೂಲಕ ಎಲೆಕ್ಟ್ರಾನ್ ಒಳಗೆಳೆಯಬಲ್ಲ ಸೈಟೊಕ್ರೋಮ್‌ಗಳು. ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಗಳು ಬಳಸುವ ಸಿವೈಸಿ-2 ಎಂಬ ಪ್ರೋಟೀನಿನ ನೆಂಟರೂ ಅದರಲ್ಲಿದ್ದಾರೆ.

ಒಳಗೆ ಬಂದಮೇಲೂ ಕಷ್ಟ ಮುಗಿಯದು. ಮ್ಯಾಂಗನೀಸಿನಿಂದ ಬಂದ ಎಲೆಕ್ಟ್ರಾನಿನ ಮಟ್ಟ ಆಮ್ಲಜನಕಕ್ಕಿಂತ ಸ್ವಲ್ಪವೇ ಮೇಲೆ, ಇಂಗಾಲದ ಡೈಆಕ್ಸೈಡಿಗೆ ಕೊಡಬೇಕಾದ ಮಟ್ಟಕ್ಕಿಂತ ಬಹಳ ಕೆಳಗೆ. ಹೆಚ್ಚು ಎಲೆಕ್ಟ್ರಾನುಗಳನ್ನು ಆಮ್ಲಜನಕದ ಕಡೆ ಇಳಿಸಿ, ಬಂದ ಅಷ್ಟಿಷ್ಟು ಶಕ್ತಿಯನ್ನು ಸುರಿದು ಉಳಿದ ಕೆಲವನ್ನು ಮೇಲಕ್ಕೆ ನೂಕಬೇಕು. ಅವು ಬಹಳ ನಿಧಾನವಾಗಿ ಬೆಳೆಯುವುದು ಇದಕ್ಕೇ. ಒಂದು ಹಿಡಿ ಕೋಶ ಬೇಕೆಂದರೆ ಅದರ ಎಷ್ಟೋ ಪಟ್ಟು ಕಪ್ಪು ಖನಿಜವನ್ನು ಅದು ಹೊರಹಾಕಿರುತ್ತದೆ.

ಮ್ಯಾಂಗನೀಸಿನ ಎಲೆಕ್ಟ್ರಾನಿನಿಂದ ಬದುಕುವುದು ಬಹಳ ಹಳೆಯ ವಿದ್ಯೆಯೂ ಇರಬಹುದು. ಸಂಡೂರಿನ ಬೆಟ್ಟಗಳಿಗೆ ಹೋದವರು ಮ್ಯಾಂಗನೀಸ್ ಅದಿರಿನ ಕಪ್ಪು ಮಣ್ಣನ್ನು ನೋಡಿರುತ್ತಾರೆ. ಅಲ್ಲಿನ ಮೂಲ ಪದರಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು; ನಾವು ಅಗೆಯುವ ಅದಿರು ಬಹುಪಾಲು ಆ ಶಿಲೆಗಳು ಮುಂದೆ ಬಿಸಿಲು ಮಳೆಗೆ ಕರಗಿ ಸಾಂದ್ರವಾದದ್ದು. ಆ ಶಿಲೆಗಳು ಕೂಡಿಕೊಂಡ ಕಾಲಕ್ಕೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆಮ್ಲಜನಕವಿಲ್ಲದೆ ಮ್ಯಾಂಗನೀಸ್ ಹೇಗೆ ಗಟ್ಟಿಯಾಗಿ ಕೂತಿತು ಎಂಬುದು ಜಗತ್ತಿನ ಇಂಥ ಹಳೆಯ ಶಿಲೆಗಳೆಲ್ಲ ಎತ್ತುವ ಪ್ರಶ್ನೆ. ದಕ್ಷಿಣ ಆಫ್ರಿಕದ ಸುಮಾರು 240 ಕೋಟಿ ವರ್ಷ ಹಳೆಯ ಶಿಲೆಗಳನ್ನು ಓದಿದ ವುಡ್‌ವರ್ಡ್ ಫಿಶರ್ ಮುಂತಾದವರು 2013ರಲ್ಲಿ ಒಂದು ದಿಟ್ಟ ವಾದ ಮಂಡಿಸಿದರು. ನೀರನ್ನು ಒಡೆದು ಆಮ್ಲಜನಕ ಬಿಡುವುದನ್ನು ಕಲಿಯುವ ಮೊದಲು ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಗಳು ಬೆಳಕಿನ ಬಲದಿಂದ ಮ್ಯಾಂಗನೀಸಿನ ಎಲೆಕ್ಟ್ರಾನನ್ನೇ ಕಿತ್ತು ಬದುಕುತ್ತಿದ್ದವು ಎಂಬುದು ಅದು.

ವಾದಕ್ಕೆ ಆಧಾರ ಪ್ರತಿ ಹಸಿರೆಲೆಯಲ್ಲಿದೆ. ನೀರನ್ನು ಒಡೆಯುವ ಯಂತ್ರದ ನಡುವೆ ಇರುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಅವನ್ನು ಹೆಣೆದ ಐದು ಆಮ್ಲಜನಕಗಳ ಗೂಡು. ಜಪಾನಿನ ವಿಜ್ಞಾನಿಗಳು 2011ರಲ್ಲಿ ಅದರ ಚಿತ್ರವನ್ನು ಪರಮಾಣು ಪರಮಾಣುವಾಗಿ ಬಿಡಿಸಿದರು. ಸೇತುವೆ ಕಟ್ಟಿಕೊಂಡು ಕೂತ ಮ್ಯಾಂಗನೀಸುಗಳು ಒಂಟಿಗೆ ಅಸಾಧ್ಯವಾದದ್ದನ್ನು ಮಾಡುತ್ತವೆ ಎಂಬ ಅದೇ ಉಪಾಯ ಇಲ್ಲಿಯೂ ಇದೆ. 2020ರಲ್ಲಿ ಹೋಲ್ಗರ್ ಡೌ ಅವರ ತಂಡ ಈ ಯಂತ್ರದಿಂದ ಗೂಡನ್ನು ಕಿತ್ತುಹಾಕಿ, ಕರಗಿದ ಮ್ಯಾಂಗನೀಸ್ ಕೊಟ್ಟು ಬೆಳಕು ಹಾಯಿಸಿತು. ಇಂದಿನ ಯಂತ್ರವೂ ಮ್ಯಾಂಗನೀಸ್ ಆಕ್ಸೈಡಿನ ಕಣಗಳನ್ನು ಉತ್ಪಾದಿಸಿತು. ಕೆಲಸ ಮರೆತಿಲ್ಲವೆಂದಷ್ಟೇ ಇದು ಹೇಳುತ್ತದೆ, ಅಂದು ನಡೆದದ್ದು ಇದೇ ಎಂದಲ್ಲ.

ಮತ್ತೆ ಜಾಡಿಯ ಬ್ಯಾಕ್ಟೀರಿಯಕ್ಕೆ. ಸಾಮಗ್ರಿ ಇದೆಯೆಂದು ಜೀನುಗಳು ಹೇಳುತ್ತವೆ, ಆ ಜೀನುಗಳು ಕೆಲಸದಲ್ಲಿವೆಯೆಂದೂ ಗೊತ್ತು. ಆದರೆ ಎಸ್‌ಜಿ-1ರಲ್ಲಿ ಮಾಡಿದಂತೆ ಒಂದೊಂದೇ ಜೀನನ್ನು ಕೆಡಿಸಿ ಬೆಳ್ಳಗೆ ಉಳಿಯುವ ಚುಕ್ಕಿಗಾಗಿ ಕಾಯುವ ಹಾಗಿಲ್ಲ. ಮ್ಯಾಂಗನಿಟ್ರೋಫಸ್ ಒಂಟಿಯಾಗಿ ಬೆಳೆದು ಕೊಟ್ಟಿಲ್ಲ, ತಟ್ಟೆಯ ಮೇಲೆ ಚುಕ್ಕಿ ಕಟ್ಟುವ ಜಾತಿಯೂ ಅಲ್ಲ. ಮೇಲಾಗಿ ಅದರ ಕೋಶಗಳು ತಾವೇ ಕಟ್ಟಿದ ಗಂಟಿನೊಳಗೆ ಸಿಕ್ಕಿಕೊಂಡಿರುತ್ತವೆ. ಪ್ರೋಟೀನು ತೆಗೆಯಲು ಗಂಟನ್ನು ಕರಗಿಸಿದರೆ ಆ ದ್ರಾವಕವೇ ಪ್ರೋಟೀನನ್ನು ಕೆಡಿಸುವ ಅಪಾಯ. ಸೈಟೊಕ್ರೋಮ್ ಜೀನುಗಳನ್ನು ಇ. ಕೋಲಿಯಂಥ ಸಾಕುಪ್ರಾಣಿಗೆ ಹಾಕಿ ತಯಾರಿಸಿ ನೋಡುವುದೇ ಉಳಿದ ದಾರಿ, ಮತ್ತು ಹೀಮ್‌ಗಳ ಸರಪಳಿಯಿರುವ ಹೊರಪೊರೆಯ ಪ್ರೋಟೀನನ್ನು ಇ. ಕೋಲಿಯಲ್ಲಿ ಸರಿಯಾಗಿ ಮಡಿಸುವುದು ತಾಮ್ರದ ಕಿಣ್ವಕ್ಕಿಂತಲೂ ರಗಳೆಯ ಕೆಲಸ. ಎಂಎನ್‌ಎಕ್ಸ್-ಜಿಯ ಜೀನು ಸಿಕ್ಕಿದ್ದರಿಂದ ಶುದ್ಧ ಕಿಣ್ವದವರೆಗೆ ಹದಿನೇಳು ವರ್ಷ ಹಿಡಿದಿತ್ತು.